ಎಣ್ಣೆ ಗಟ್ಟಿಯಾಗುವ ತಿಂಗಳು

ನಮ್ಮ ಅಡುಗೆಮನೆಗೆ ಹೊಸದೊಂದು ಬಾಟಲಿ ಬಂದಿದೆ. ಕ್ಷೌರದಂಗಡಿಯಲ್ಲಿ ತಲೆಗೆ ನೀರು ಚಿಮುಕಿಸಲು ಇಟ್ಟುಕೊಳ್ಳುತ್ತಾರಲ್ಲ, ಅಂಥದ್ದು. ಮೇಲೆ ಒತ್ತಿದರೆ ಮಂಜಿನ ಹಾಗೆ ಎಣ್ಣೆ ಹೊರಗೆ ಬರುತ್ತದೆ. ಅಂದರೆ, ಬರಬೇಕು. ನನ್ನ ರಕ್ತದ ರಿಪೋರ್ಟಿನಲ್ಲಿ ಕೊಲೆಸ್ಟ್ರಾಲ್ ಏರಿದೆ ಎಂದು ಗೊತ್ತಾದ ವಾರವೇ ಮೊಮ್ಮಗಳು ನವ್ಯಾ ಅದನ್ನು ತಂದು ಒಲೆಯ ಪಕ್ಕ ಇಟ್ಟಳು. ಅವಳು ಸುಳ್ಯದಲ್ಲಿ ನರ್ಸಿಂಗ್ ಓದುತ್ತಾಳೆ. ಶನಿವಾರ ಕಡಬದ ನಮ್ಮ ಮನೆಗೆ ಬಂದರೆ ಸೋಮವಾರ ಬೆಳಗ್ಗಿನವರೆಗೆ ನಾವೆಲ್ಲ ಅವಳ ರೋಗಿಗಳು.

"ಅಜ್ಜಿ, ಇನ್ನು ದೋಸೆಗೆ ಇದೇ. ಎರಡು ಸಲ ಒತ್ತುದು. ಮೂರನೇ ಸಲ ಒತ್ಲಿಕ್ಕಿಲ್ಲ."

"ಇದೆಂತ ಮಗಾ, ದೋಸೆಗೆ ಮದ್ದು ಬಿಡುದಾ?" ಎಂದೆ. ಮಳೆಗಾಲದಲ್ಲಿ ಅಡಿಕೆಗೆ ಕೊಳೆ ಬಾರದ ಹಾಗೆ ಔಷಧಿ ಸಿಂಪಡಿಸುವುದಕ್ಕೆ ನಮ್ಮ ಕಡೆ ಮದ್ದು ಬಿಡುವುದು ಎನ್ನುತ್ತಾರೆ.

"ನಗಾಡಬೇಡಿ. ನಿಮ್ಮ ಒಳ್ಳೆದಕ್ಕೇ ಹೇಳುದು."

ನಾನು ನಗಾಡಲಿಲ್ಲ. ಆದರೆ ಡಿಸೆಂಬರ್ ನಗಾಡಿತು. ಒಂದು ಬೆಳಿಗ್ಗೆ ಕಾವಲಿ ಕಾದು ಹೊಗೆಯಾಡುತ್ತಿದ್ದಾಗ ಬಾಟಲಿ ಹಿಡಿದು ಒತ್ತಿದರೆ ಎಣ್ಣೆಯೂ ಇಲ್ಲ, ಮಂಜೂ ಇಲ್ಲ. ಬೆಳಕಿಗೆ ಹಿಡಿದು ನೋಡಿದೆ. ಚಳಿಗೆ ಎಣ್ಣೆಯೆಲ್ಲ ಗಟ್ಟಿಯಾಗಿ ಮೇಣದ ಬತ್ತಿಯ ಹಾಗೆ ಬೆಳ್ಳಗೆ ನಿಂತಿತ್ತು. ತೆಂಗಿನೆಣ್ಣೆಗೆ ವರ್ಷಕ್ಕೊಮ್ಮೆ ನಿದ್ದೆ ಬರುತ್ತದೆ ಎನ್ನುವುದು ಆ ಬಾಟಲಿ ಮಾಡಿದವರಿಗೆ ತಿಳಿದಿರಲಿಲ್ಲ. ಅವರ ಊರಿನಲ್ಲಿ ಬೇರೆ ಎಣ್ಣೆ ಇರಬೇಕು. ನಾನು ಹಳೆಯ ತೆಂಗಿನ ನಾರಿನ ಕುಂಚವನ್ನು ಎಣ್ಣೆ ತಟ್ಟೆಗೆ ಒತ್ತಿ, ಕಾವಲಿಗೆ ಉಜ್ಜಿ, ದೋಸೆ ಹುಯ್ದೆ. ಬಾಟಲಿಯನ್ನು ಅಂಗಳದ ಬಿಸಿಲಿಗೆ, ಒಣಗಲು ಹರಡಿದ್ದ ಕೊಬ್ಬರಿಯ ಪಕ್ಕ ಇಟ್ಟು ಬಂದೆ. ಎಣ್ಣೆ ತನ್ನ ನೆಂಟರ ಜೊತೆ ಕೂತು ಬಿಸಿಲು ಕಾಯಿಸಲಿ ಎಂದು.

ಮಕ್ಕಳೇ, ನವ್ಯಾ, ಧನುಷ್, ನೀವಿಬ್ಬರೂ ಓದಬೇಕೆಂದೇ ಇದನ್ನು ಬರೆಯುತ್ತಿದ್ದೇನೆ. ಎದುರು ಕೂತು ಇಷ್ಟುದ್ದ ಮಾತಾಡಲು ನನಗೆ ನಾಚಿಕೆ. ಮನೆಯಲ್ಲಿ ತುಳುವಿನಲ್ಲಿ ಮಾತಾಡುತ್ತೇವೆ, ಆದರೆ ಬರೆಯಲು ಬರುವುದು ಶಾಲೆಯಲ್ಲಿ ಕಲಿತ ಕನ್ನಡ. ಅದೂ ಏಳನೇ ಕ್ಲಾಸಿನದ್ದು. ತಪ್ಪಿದ್ದರೆ ನವ್ಯಾ ಕೆಂಪು ಪೆನ್ನು ಹಿಡಿಯದೆ ಓದಬೇಕು.

ನವ್ಯಾಳ ಅಣ್ಣ ಧನುಷ್‌ನ ಕತೆ ಇನ್ನೊಂದು. ಪುತ್ತೂರಿನ ಒಂದು ಜಿಮ್ಮಿನಲ್ಲಿ ಅವನು ಜನರಿಗೆ ಭಾರ ಎತ್ತಿಸುತ್ತಾನೆ. ಬೆಳಗ್ಗಿನ ಕಾಫಿಗೆ ಎರಡು ಚಮಚ ತೆಂಗಿನೆಣ್ಣೆ ಹಾಕಿ ಗಟಗಟ ಕುಡಿಯುತ್ತಾನೆ. ಕಾಫಿಯ ಮೇಲೆ ಎಣ್ಣೆಯ ಕಣ್ಣುಗಳು ತೇಲುವುದನ್ನು ನೋಡಿದರೆ ನಾನು ಮುಖ ಆಚೆ ತಿರುಗಿಸುತ್ತೇನೆ. ಅನ್ನ ಮಾತ್ರ ಮುಟ್ಟುವುದಿಲ್ಲ. ಅನ್ನ ಬಿಟ್ಟು ಎಣ್ಣೆ ಕುಡಿಯುವ ಮನುಷ್ಯನನ್ನು ನಾನು ನೋಡಿದ್ದು ಇವನೊಬ್ಬನನ್ನೇ.

ಭಾನುವಾರ ಇಬ್ಬರೂ ಸೇರಿದರೆ ನನ್ನ ಎಡಗಿವಿಗೊಂದು ಫೋನು, ಬಲಗಿವಿಗೊಂದು ಫೋನು. ಒಂದರಲ್ಲಿ ಬಿಳಿ ಕೋಟಿನವನೊಬ್ಬ ತೆಂಗಿನೆಣ್ಣೆ ವಿಷ ಎನ್ನುತ್ತಾನೆ. ಇನ್ನೊಂದರಲ್ಲಿ ಬಿಳಿ ಕೋಟಿನ ಮತ್ತೊಬ್ಬ ಅಮೃತ ಎನ್ನುತ್ತಾನೆ. ಇಬ್ಬರ ಕೋಟೂ ಚೆನ್ನಾಗಿ ಇಸ್ತ್ರಿಯಾಗಿರುತ್ತದೆ.

"ಅಜ್ಜಿ, ನೀವು ಯಾರ ಪಾರ್ಟಿ?" ಎಂದು ಧನುಷ್ ಕೇಳುತ್ತಾನೆ.

ನಾನು ತೆಂಗಿನಕಾಯಿ ತುರಿಯಲು ಎದ್ದು ಹೋಗುತ್ತೇನೆ. ನಾಚಿಕೆಯವರಿಗೆ ಇದೊಂದು ಅನುಕೂಲ, ಯಾವಾಗಲೂ ಏನಾದರೂ ತುರಿಯಲು ಇರುತ್ತದೆ.

ಶಾಲೆಯಲ್ಲೂ ಹೀಗೆಯೇ. ಗುತ್ತಿಗಾರಿನ ಹತ್ತಿರ ನನ್ನ ತವರು. ಅಮ್ಮ ನನ್ನ ತಲೆಗೆ ಹಾಕುತ್ತಿದ್ದ ಎಣ್ಣೆ ಹಣೆಗೆ ಇಳಿದು, ಅಲ್ಲಿಂದ ಕೈಗೆ, ಕೈಯಿಂದ ಕೋಪಿ ಬರೆಯುವ ಪುಸ್ತಕಕ್ಕೆ ಬರುತ್ತಿತ್ತು. ನನ್ನ ಪುಸ್ತಕದ ಹಾಳೆಗಳ ಆಚೆ ಬದಿಯ ಅಕ್ಷರ ಈಚೆಗೆ ಕಾಣುತ್ತಿತ್ತು. "ನಿನ್ನ ಪುಸ್ತಕಕ್ಕೆ ಬತ್ತಿ ಇಟ್ಟರೆ ಒಂದು ವಾರ ಉರಿದೀತು" ಎಂದು ಮಾಷ್ಟ್ರು ಇಡೀ ಕ್ಲಾಸನ್ನು ನಗಿಸಿದ್ದರು. ಅವತ್ತು ನನಗೆ ನಿಜವಾಗಿ ಒಂದು ಪ್ರಶ್ನೆ ಕೇಳಲಿಕ್ಕಿತ್ತು. ಚಳಿಗೆ ನಮ್ಮ ಮನೆಯ ಎಣ್ಣೆ ಗಟ್ಟಿಯಾಗುತ್ತದೆ, ಪಕ್ಕದ ಕೊಡದ ನೀರು ಯಾಕೆ ಆಗುವುದಿಲ್ಲ ಎಂದು. ನಗುವಿನ ನಡುವೆ ಅದು ಗಂಟಲಲ್ಲೇ ಉಳಿಯಿತು. ನನ್ನ ಗಂಟಲು ಮೊದಲಿನಿಂದಲೂ ಒಳ್ಳೆಯ ಉಗ್ರಾಣ.

ಅಂಥವಳು ಮದುವೆಯಾಗಿ ಬಂದದ್ದು ಎಣ್ಣೆ ಮಿಲ್ಲಿನ ಮನೆಗೆ. ಈಗ ನನ್ನ ಮಗ, ನಿಮ್ಮ ಅಪ್ಪ ಸತೀಶ ನಡೆಸುವ ಮಿಲ್ಲನ್ನು ಆಗ ನಿಮ್ಮ ಅಜ್ಜ ನಡೆಸುತ್ತಿದ್ದರು. ಊರಿನವರು ಗೋಣಿಯಲ್ಲಿ ತಮ್ಮ ತಮ್ಮ ಕೊಬ್ಬರಿ ತರುತ್ತಿದ್ದರು. ಒಬ್ಬರ ಕೊಬ್ಬರಿ ಇನ್ನೊಬ್ಬರದಕ್ಕೆ ಸೇರಕೂಡದು. ತಮ್ಮ ಮರದ ಕಾಯಿ, ತಮ್ಮ ಅಂಗಳದ ಬಿಸಿಲು, ತಮ್ಮದೇ ಎಣ್ಣೆ. ಅದಕ್ಕೆ ಡಬ್ಬಿ ಹಿಡಿದುಕೊಂಡು ಬೆಂಚಿನ ಮೇಲೆ ಕೂತು ಕಾಯುತ್ತಿದ್ದರು, ಮಗುವಿಗೆ ಚುಚ್ಚುಮದ್ದು ಹಾಕಿಸಲು ಬಂದವರ ಹಾಗೆ. ಎಣ್ಣೆ ಇಳಿಯತೊಡಗಿದ ಕೂಡಲೇ ನಿಮ್ಮ ಅಜ್ಜ ಕೈಯ ಹಿಂಬದಿಗೆ ಒಂದು ಹನಿ ಬಿಟ್ಟುಕೊಂಡು, ಉಜ್ಜಿ, ಮೂಸುತ್ತಿದ್ದರು.

"ಇದು ಒಲೆಯ ಮೇಲೆ ಒಣಗಿಸಿದ್ದಲ್ವಾ ಭಾವಾ? ಹೊಗೆ ಹಿಡಿದಿದೆ."

"ನಿಮ್ಮ ಮೂಗಿಗೆ ಸುಳ್ಳು ಹೇಳ್ಲಿಕ್ಕಾಗುದಿಲ್ಲ ಮಾರಾಯ್ರೆ. ಎರಡು ದಿನ ಮೋಡ ಇತ್ತು, ಎಂತ ಮಾಡುದು?"

ಮಧ್ಯಾಹ್ನ ನಾನು ಮಿಲ್ಲಿಗೆ ಗಂಜಿ ತೆಗೆದುಕೊಂಡು ಹೋಗುತ್ತಿದ್ದೆ. ಕುಚ್ಚಿಲಕ್ಕಿಯ ಗಂಜಿ, ಉಪ್ಪು, ಎರಡು ಗಾಂಧಾರಿ ಮೆಣಸು. ಅಲ್ಲಿ ತೆಂಗಿನ ಚಿಪ್ಪಿಗೆ, ಅಂದರೆ ಗೆರಟೆಗೆ, ಬಿದಿರಿನ ಹಿಡಿ ಹಾಕಿದ ಪುಟ್ಟ ಸೌಟೊಂದಿತ್ತು. ಅದರಲ್ಲಿ ಆಗಷ್ಟೇ ಇಳಿದ, ಇನ್ನೂ ಬೆಚ್ಚಗಿರುವ ಎಣ್ಣೆಯನ್ನು ನಾನೇ ಗಂಜಿಯ ಮೇಲೆ ಹುಯ್ಯಬೇಕು. ಅಜ್ಜನಿಗೆ ಎಣ್ಣೆಯ ಡ್ರಮ್ಮು ಕೈಗೆಟಕುವಷ್ಟು ಹತ್ತಿರ ಇದ್ದರೂ ತಾನೇ ಹುಯ್ದುಕೊಂಡದ್ದನ್ನು ನಾನು ನೋಡಿಲ್ಲ. ತಟ್ಟೆ ಮುಂದೆ ಚಾಚುತ್ತಿದ್ದರು. ನಾವಿಬ್ಬರೂ ಎಲ್ಲರೆದುರು ಮಾತಾಡುವ ಜನ ಅಲ್ಲ. ಅದೇ ನಮ್ಮ ಮಾತು ಎಂದು ಇಟ್ಟುಕೊಳ್ಳಿ.

ಒಂದು ವರ್ಷ ಅವರಿಗೆ ಎದೆನೋವು ಬಂತು. ದೊಡ್ಡ ಆಸ್ಪತ್ರೆಗೆ ಹೋದೆವು, ಉಳಿದುಕೊಂಡರು. ಹೊರಡುವಾಗ ಡಾಕ್ಟರು ಎರಡು ವಿಷಯ ಹೇಳಿದರು. ಮೊದಲು, ಬೀಡಿ ಬಿಡಬೇಕು. ಆಮೇಲೆ, ತೆಂಗಿನೆಣ್ಣೆ ಬಿಡಬೇಕು. ಎರಡನೆಯದನ್ನು ಹೇಳುವಾಗ ನನ್ನ ಕಡೆ ತಿರುಗಿದರು.

"ಚಳಿಗೆ ಬಾಟಲಿಯಲ್ಲಿ ಹೇಗೆ ಗಟ್ಟಿಯಾಗ್ತದೆ ನೋಡಿದ್ದೀರಲ್ಲ ಅಮ್ಮ? ಹಾಗೆಯೇ ರಕ್ತನಾಳದಲ್ಲಿ ಕೂತುಕೊಳ್ತದೆ. ಅಡುಗೆ ಮಾಡುವವರು ನೀವು. ನಿಮ್ಮ ಕೈಯಲ್ಲುಂಟು ಇವರ ಜೀವ."

ನನಗೆ ಹೆದರಿಕೆಯಾಯಿತು. ಜೊತೆಗೇ ಒಂದು ಪ್ರಶ್ನೆಯೂ ಬಂತು. ಗಟ್ಟಿಯಾದ ಎಣ್ಣೆಯನ್ನು ಅಂಗೈಯಲ್ಲಿ ಇಟ್ಟುಕೊಂಡರೆ ತಲೆಗೆ ಹಚ್ಚುವಷ್ಟರಲ್ಲಿ ಕರಗುತ್ತದಲ್ಲ? ಅಂಗೈಯಲ್ಲೇ ಕರಗುವುದು ಹೊಟ್ಟೆಯೊಳಗೆ ಹೇಗೆ ಗಟ್ಟಿಯಾಗುತ್ತದೆ? ಮನುಷ್ಯನ ಮೈಯೊಳಗೂ ಡಿಸೆಂಬರ್ ಬರುತ್ತದಾ? ಕೇಳಲಿಲ್ಲ. ಸೆರಗಿನ ತುದಿ ತಿರುಚುತ್ತಾ ತಲೆಯಾಡಿಸಿದೆ. ಉಗ್ರಾಣಕ್ಕೆ ಇನ್ನೊಂದು ಗೋಣಿ.

ಬೀಡಿ ಬಿಡುವುದು ಅವರ ಕೈಯಲ್ಲಿತ್ತು, ಬಿಡಲಿಲ್ಲ. ಎಣ್ಣೆ ಬಿಡಿಸುವುದು ನನ್ನ ಕೈಯಲ್ಲಿತ್ತು, ಬಿಡಿಸಿದೆ.

ಆದರೆ ಪ್ಯಾಕೆಟ್ ಎಣ್ಣೆ ತರುವುದೆಲ್ಲಿಂದ? ಕಡಬದ ಅಂಗಡಿಯಲ್ಲಿ ಕೇಳಿದರೆ ಸಂಜೆಯೊಳಗೆ ಊರಿಗೆಲ್ಲ ಗೊತ್ತಾಗುತ್ತದೆ. ಮಿಲ್ಲಿನವರೇ ತಮ್ಮ ಎಣ್ಣೆ ತಿನ್ನುವುದಿಲ್ಲ ಎಂದರೆ ಕೊಬ್ಬರಿ ತರುವವರು ಏನೆಂದುಕೊಳ್ಳಬೇಕು? ಹಾಗಾಗಿ ತಿಂಗಳಿಗೊಮ್ಮೆ ಬಸ್ಸು ಹತ್ತಿ ಪುತ್ತೂರಿಗೆ ಹೋಗಿ, ಸೂರ್ಯಕಾಂತಿ ಎಣ್ಣೆಯ ಪ್ಯಾಕೆಟುಗಳನ್ನು ಕೊಂಡು, ಮೈ ಒರೆಸುವ ಬೈರಾಸಿನಲ್ಲಿ ಸುತ್ತಿ, ಚೀಲದ ತಳಕ್ಕೆ ಹಾಕಿ ತರುತ್ತಿದ್ದೆ. ಕಳ್ಳಭಟ್ಟಿ ಸಾಗಿಸುವವರಿಗೂ ನನ್ನಷ್ಟು ಎದೆ ಹೊಡೆದುಕೊಂಡಿರಲಿಕ್ಕಿಲ್ಲ.

ಒಮ್ಮೆ ಒಂದು ತಿರುವಿನಲ್ಲಿ ಬಸ್ಸು ವಾಲಿದಾಗ ಯಾರದೋ ಹುಲ್ಲು ಕೊಯ್ಯುವ ಕತ್ತಿಯ ಮೊನೆ ತಾಗಿ ಪ್ಯಾಕೆಟ್ ಒಡೆಯಿತು. ಎಣ್ಣೆ ಸೀಟಿನ ಕೆಳಗಿಂದ ಹರಿದು ನೆರೆಮನೆಯ ದೇವಕಿಯ ಚಪ್ಪಲಿಯವರೆಗೆ ಹೋಯಿತು. ಅವಳು ಬಗ್ಗಿ ಬೆರಳಲ್ಲಿ ಮುಟ್ಟಿ ಮೂಸಿದಳು. ಮಿಲ್ಲಿನ ಊರಿನಲ್ಲಿ ಎಲ್ಲರಿಗೂ ಮೂಗು ಉಂಟು.

"ಎಂತ ಅಕ್ಕ ಇದು, ಪ್ಯಾಕೆಟಿನದ್ದಾ? ಅದೂ ನಿಮ್ಮಲ್ಲಿಗಾ?"

"ದೀಪಕ್ಕೆ," ಎಂದುಬಿಟ್ಟೆ.

"ಅಯ್ಯೋ ದೇವರೇ, ಎಣ್ಣೆ ಮಿಲ್ಲು ಇಟ್ಟುಕೊಂಡು ದೇವರಿಗೆ ಪ್ಯಾಕೆಟ್ ಎಣ್ಣೆಯಾ?"

ಅಲ್ಲಿಂದ ಕಡಬದವರೆಗೆ ನಾನು ಕಿಟಕಿಯ ಹೊರಗೆ ನೋಡುತ್ತಾ ಕೂತೆ. ಮನೆಗೆ ಬಂದು ಅಳುತ್ತಾ ಹೇಳಿದಾಗ ನಿಮ್ಮ ಅಜ್ಜ ಹೊಟ್ಟೆ ಹಿಡಿದುಕೊಂಡು ನಕ್ಕರು. "ಇನ್ನು ದೇವರಿಗೂ ಕೊಲೆಸ್ಟ್ರಾಲ್ ಉಂಟು ಅಂತ ಆಯ್ತು ಬಿಡು ಮಾರಾಯ್ತಿ." ಎದೆನೋವು ಬಂದ ಮೇಲೆ ಅವರು ಅಷ್ಟು ನಕ್ಕದ್ದು ಅದೊಂದೇ ಸಲ.

ಊಟ ಮಾತ್ರ ಕಡಿಮೆಯಾಯಿತು. ಇಡೀ ದಿನ ತೆಂಗಿನೆಣ್ಣೆಯ ಪರಿಮಳದಲ್ಲಿ ಕೂತು, ಮಧ್ಯಾಹ್ನ ಬರೀ ಗಂಜಿ ಕುಡಿಯುವುದು. ಒಂದು ದಿನ ಗಂಜಿ ಬಡಿಸಿದಾಗ ಮೊದಲಿನ ಹಾಗೆ ತಟ್ಟೆ ಮುಂದೆ ಚಾಚಿದರು.

"ಇವತ್ತೊಂದು ಸೌಟು ಹಾಕು."

"ಡಾಕ್ಟ್ರು ಬೇಡ ಹೇಳಿದ್ದಾರಲ್ಲ."

"ಒಂದೇ."

"ಬೇಡ, ನನಗೆ ಹೆದರಿಕೆ ಆಗ್ತದೆ."

ತಟ್ಟೆ ಹಿಂದಕ್ಕೆ ತೆಗೆದುಕೊಂಡರು. ಸಿಟ್ಟು ಮಾಡಲಿಲ್ಲ. ಡ್ರಮ್ಮು ಪಕ್ಕದಲ್ಲೇ ಇತ್ತು, ಸೌಟು ಮೊಳೆಗೆ ನೇತಾಡುತ್ತಿತ್ತು. ತಾನೇ ಹುಯ್ದುಕೊಳ್ಳಬಹುದಿತ್ತು, ಹುಯ್ದುಕೊಳ್ಳಲಿಲ್ಲ. ಮತ್ತೆ ಯಾವತ್ತೂ ಕೇಳಲಿಲ್ಲ. ಮೂರು ವಾರದ ಮೇಲೆ ಒಂದು ಬೆಳಿಗ್ಗೆ ಮಿಲ್ಲಿನ ಬೆಂಚಿನ ಮೇಲೆ, ಕೊಬ್ಬರಿ ತಂದವರ ಪಕ್ಕದಲ್ಲೇ ಕೂತಲ್ಲಿ ಹೋಗಿಬಿಟ್ಟರು.

ಅವರ ಉತ್ತರಕ್ರಿಯೆಗೆ, ನಮ್ಮಲ್ಲಿ ಬೊಜ್ಜ ಎನ್ನುತ್ತಾರೆ, ಬಂದವರು ಜಗಲಿಯಲ್ಲಿ ಕೂತು ಕಾಫಿ ಕುಡಿಯುತ್ತಾ ಮಾತಾಡುವುದು ಒಳಗಿದ್ದ ನನಗೆ ಕೇಳುತ್ತಿತ್ತು.

"ಹುಟ್ಟಿದಲ್ಲಿಂದ ಎಣ್ಣೆಯಲ್ಲೇ ಇದ್ದ ಜನ. ಮತ್ತೆಂತ ಆಗುದು?"

"ಛೆ, ಎಣ್ಣೆ ಬಿಡಿಸಿದ ಮೇಲೆಯೇ ಅವರ ಶಕ್ತಿ ಹೋದದ್ದು. ಪ್ಯಾಕೆಟಿನದ್ದು ತಿಂದ್ರೆ ಮೈಗೆ ಹಿಡೀತದಾ?"

ಒಂದೇ ಜಗಲಿ, ಒಂದೇ ಕೆಟಲಿನ ಕಾಫಿ. ಎಣ್ಣೆ ಹಾಕಿದ್ದರಿಂದ ಹೋದರು ಎಂದರೂ ಹಾಕಿದವಳು ನಾನು. ಬಿಡಿಸಿದ್ದರಿಂದ ಹೋದರು ಎಂದರೂ ಬಿಡಿಸಿದವಳು ನಾನು. ಬೀಡಿಯ ಹೆಸರು ಯಾರೂ ಎತ್ತಲಿಲ್ಲ. ಕೆಲವರು ಬೀಡಿ ಸೇದುತ್ತಲೇ ಮಾತಾಡುತ್ತಿದ್ದರು. ನೀವಿಬ್ಬರೂ ಭಾನುವಾರ ಫೋನು ಹಿಡಿದು ಜಗಳಾಡುವಾಗ ನನಗೆ ಕೇಳಿಸುವುದು ಆ ಜಗಲಿಯ ಮಾತೇ ಮಕ್ಕಳೇ. ಅದಕ್ಕೇ ನಾನು ಎದ್ದು ಹೋಗಿ ಕಾಯಿ ತುರಿಯುವುದು.

ಎಣ್ಣೆ ಗಟ್ಟಿಯಾದ ಆ ಬೆಳಗಿನ ಮಾರನೇ ವಾರ ನವ್ಯಾ ನನ್ನನ್ನು ಸುಳ್ಯದಲ್ಲಿ ಡಾಕ್ಟರ ಹತ್ತಿರ ಕರೆದುಕೊಂಡು ಹೋದಳು. ಈ ಡಾಕ್ಟರು ಸಣ್ಣ ಪ್ರಾಯದ ಹೆಂಗಸು, ಹಣೆಯಲ್ಲಿ ಪುಟ್ಟ ಬೊಟ್ಟು. ರಿಪೋರ್ಟು ನೋಡಿ ಮಾತ್ರೆ ಬರೆಯುತ್ತಿದ್ದರು. ನನಗೆ ಏನಾಯಿತೋ, ಅಷ್ಟು ವರ್ಷ ಗಂಟಲಲ್ಲಿದ್ದ ಗೋಣಿ ತಾನೇ ಉರುಳಿತು.

"ಡಾಕ್ಟ್ರೇ, ಅಂಗೈಯಲ್ಲಿ ಕರಗುವ ಎಣ್ಣೆ ಹೊಟ್ಟೆಯೊಳಗೆ ಗಟ್ಟಿಯಾಗುದು ಹೇಗೆ?"

ನವ್ಯಾ ಬಾಯಿಬಿಟ್ಟು ನೋಡಿದಳು. ಡಾಕ್ಟರು ಪೆನ್ನು ಕೆಳಗಿಟ್ಟರು.

"ಇಲ್ಲ ಅಜ್ಜಿ, ಬಾಟಲಿಯಲ್ಲಿ ಆದ ಹಾಗೆ ಒಳಗೆ ಆಗುದಿಲ್ಲ. ಯಾರು ಹೇಳಿದ್ದು?"

"ಒಬ್ಬರು. ತುಂಬ ಮೊದಲು."

"ಅದು ತಪ್ಪು ಲೆಕ್ಕ. ಆದರೆ ಎಣ್ಣೆ ಏನೂ ಮಾಡುದಿಲ್ಲ ಅಂತಲೂ ಅಲ್ಲ. ಇಂಥ ಎಣ್ಣೆ ಹೆಚ್ಚು ತಿಂದ್ರೆ ರಕ್ತದಲ್ಲಿ ಕೆಟ್ಟ ಕೊಲೆಸ್ಟ್ರಾಲ್ ಏರ್ತದೆ, ಅದು ವರ್ಷಗಟ್ಟಲೆ ಸೇರಿ ನಾಳ ಸಣ್ಣ ಮಾಡ್ತದೆ. ನೀವು ಕಮ್ಮಿ ಮಾಡಿ. ಕರಿದದ್ದು, ಬೇಕರಿದು ಬಿಡಿ. ಮಾತ್ರೆ ತಪ್ಪಿಸಬೇಡಿ, ನಡೀರಿ."

"ಗಂಜಿಗೆ ಒಂದು ಚಮಚ?"

"ಸಣ್ಣ ಚಮಚ," ಎಂದು ನಕ್ಕರು.

"ನಮ್ಮವರು ಬೀಡಿ ಸೇದ್ತಿದ್ರು. ಹೋದದ್ದು ಬೀಡಿಯಿಂದಲಾ, ಎಣ್ಣೆಯಿಂದಲಾ?"

ಅವರು ಕುರ್ಚಿಯನ್ನು ನನ್ನ ಕಡೆ ಎಳೆದುಕೊಂಡರು. "ಬೀಡಿ ದೊಡ್ಡ ಅಪರಾಧಿ ಅಜ್ಜಿ. ಆದರೆ ಇಂಥದ್ದರಿಂದಲೇ ಅಂತ ಒಬ್ಬ ಮನುಷ್ಯನ ಬಗ್ಗೆ ಈಗ ಯಾರಿಗೂ ಹೇಳ್ಲಿಕ್ಕಾಗುದಿಲ್ಲ. ನಿಮ್ಮ ಒಂದು ಸೌಟಿನಿಂದ ಅಂತ ಅಂತೂ ನಾನು ಹೇಳುದಿಲ್ಲ."

ಸೌಟಿನ ವಿಷಯ ನಾನು ಹೇಳಿರಲಿಲ್ಲ. ನವ್ಯಾಳೂ ಹೇಳಿರಲಿಲ್ಲ, ಅವಳಿಗೆ ಗೊತ್ತೇ ಇರಲಿಲ್ಲ. ಅಡುಗೆ ಮಾಡುವ ಹೆಂಗಸರು ಆ ಕುರ್ಚಿಯಲ್ಲಿ ಕೂತು ಎಲ್ಲರೂ ಅದನ್ನೇ ಕೇಳುತ್ತಾರೋ ಏನೋ.

ಇಲ್ಲಿಗೆ ನನ್ನ ಧೈರ್ಯದ ಕೋಟಾ ಮುಗಿಯಿತು ಎಂದುಕೊಂಡಿದ್ದೆ. ಮುಗಿದಿರಲಿಲ್ಲ. ಮನೆಗೆ ಬಂದರೆ ಜಗಲಿಯಲ್ಲಿ ಧನುಷ್ ಮತ್ತು ಸತೀಶ ಹೊಸ ಬಾಟಲಿಗಳನ್ನು ಸಾಲಾಗಿ ಇಟ್ಟಿದ್ದರು. ನಮ್ಮ ಮಿಲ್ಲಿನ ಎಣ್ಣೆಯನ್ನು ಬಾಟಲಿಗೆ ತುಂಬಿ ದೂರದೂರದವರಿಗೆ ಕಳಿಸುವ ಯೋಚನೆ. ಯೋಚನೆ ಒಳ್ಳೆಯದೇ. ಆದರೆ ಬಾಟಲಿಯ ಮೇಲಿನ ಚೀಟಿಯಲ್ಲಿ ಕೆಂಪು ಹೃದಯದ ಚಿತ್ರ, ಅದರ ಕೆಳಗೆ 'ಹೃದಯಕ್ಕೆ ಹಿತ, ನೂರು ವರ್ಷ ಆಯುಷ್ಯ' ಎಂದು ಅಚ್ಚು.

"ಅಜ್ಜಿ, ಸರಿಯಾದ ಟೈಮಿಗೆ ಬಂದ್ರಿ. ಕೂತ್ಕೊಳ್ಳಿ, ವಿಡಿಯೋ ಮಾಡುವ," ಎಂದು ಧನುಷ್ ಕುರ್ಚಿ ಎಳೆದ. "ಒಂದೇ ಮಾತು. ಎಪ್ಪತ್ತಮೂರು ವರ್ಷ ಇದೇ ಎಣ್ಣೆ ತಿಂದೆ, ನಮಗೆ ಎಂತದೂ ಆಗ್ಲಿಲ್ಲ. ಅಷ್ಟು ಹೇಳಿದ್ರೆ ಸಾಕು."

ಬಾಟಲಿ ಕೈಗೆ ಕೊಟ್ಟ. ಫೋನು ಎತ್ತಿ ಹಿಡಿದ. ನಾನು ಅದರ ಕಣ್ಣನ್ನೇ ನೋಡಿದೆ.

"ನಿನ್ನ ಅಜ್ಜನಿಗೆ ಆಯಿತಲ್ಲ," ಎಂದೆ.

ಫೋನು ಕೆಳಗಿಳಿಯಿತು. ಸತೀಶ ತಲೆ ತಗ್ಗಿಸಿದ.

"ಅದು... ಎಣ್ಣೆಯಿಂದಲಾ ಅಜ್ಜಿ?"

"ಗೊತ್ತಿಲ್ಲ. ಡಾಕ್ಟ್ರಿಗೂ ಗೊತ್ತಿಲ್ಲ. ಗೊತ್ತಿಲ್ಲದ್ದನ್ನು ನಮ್ಮ ಬಾಟಲಿಗೆ ಅಂಟಿಸ್ಲಿಕ್ಕೆ ನಾನು ಬಿಡುದಿಲ್ಲ. ನಿನ್ನ ಅಜ್ಜ ಕೊಬ್ಬರಿಗೆ ಹೊಗೆ ಹಿಡಿದಿದ್ರೆ ಹಿಡಿದಿದೆ ಅಂತ ಬಾಯಿಬಿಟ್ಟು ಹೇಳಿದ ಜನ."

"ಎಲ್ಲರೂ ಹಾಗೇ ಹಾಕ್ತಾರೆ ಅಮ್ಮ," ಎಂದ ಸತೀಶ ಮೆಲ್ಲಗೆ. "ಹಾಕದಿದ್ರೆ ಯಾರು ತಗೊಳ್ತಾರೆ?"

"ಹಿಂದೆ ಎಲ್ಲರೂ ವಿಷ ಅಂದ್ರು, ನಾನು ಬಾಯಿ ಮುಚ್ಚಿ ನಂಬಿದೆ. ಈಗ ಎಲ್ಲರೂ ಮದ್ದು ಅಂತಾರೆ. ಇನ್ನೊಂದು ಸಲ ನಂಬುದಿಲ್ಲ. ತೆಗಿ ಆ ಚೀಟಿ."

ನನ್ನ ದನಿ ಅಷ್ಟು ಗಟ್ಟಿ ಉಂಟೆಂದು ನನಗೇ ಗೊತ್ತಿರಲಿಲ್ಲ. ಹಿತ್ತಿಲಲ್ಲಿ ದನ ಕೂಡ ಹಿಂಡಿ ತಿನ್ನುವುದು ನಿಲ್ಲಿಸಿ ತಲೆಯೆತ್ತಿತು. ನವ್ಯಾ ಬಾಯಿಗೆ ಶಾಲು ಒತ್ತಿಕೊಂಡು ನಗುತ್ತಿದ್ದಳು, ತನ್ನ ಪಾರ್ಟಿ ಗೆದ್ದಿತು ಎಂದು.

"ನಿನಗೂ ಹೇಳುದು," ಎಂದು ಅವಳ ಕಡೆ ತಿರುಗಿದೆ. "ಮಾತ್ರೆ ತಿಂತೇನೆ. ಹಪ್ಪಳ, ಕರಿದ ಪೋಡಿ ಬಿಟ್ಟೆ. ಸಂಜೆ ನಡೀತೇನೆ. ಆದರೆ ಆ ಮದ್ದು ಬಿಡುವ ಬಾಟಲಿ ನನಗೆ ಬೇಡ, ತಕ್ಕೊಂಡು ಹೋಗು."

ಸತೀಶ ನೀರು ಹಚ್ಚಿ ಚೀಟಿಗಳನ್ನು ಒಂದೊಂದಾಗಿ ಕಿತ್ತ. ಹೊಸ ಚೀಟಿಗೆ ಏನು ಬರೆಯುವುದು ಎಂದು ನನ್ನನ್ನೇ ಕೇಳಿದರು. ಏಳನೇ ಕ್ಲಾಸಿನ ಅಕ್ಷರದಲ್ಲಿ ಬರೆದುಕೊಟ್ಟೆ: 'ತೆಂಗಿನೆಣ್ಣೆ. ಬಿಸಿಲಿನಲ್ಲಿ ಒಣಗಿಸಿದ ಕೊಬ್ಬರಿಯದ್ದು. ಅಡುಗೆಗೆ. ಚಳಿಗೆ ಗಟ್ಟಿಯಾಗುತ್ತದೆ, ಹೆದರಬೇಡಿ, ಬಿಸಿಲಿಗಿಡಿ.' ಧನುಷ್ ಮುಖ ಹುಳ್ಳಗೆ ಮಾಡಿಕೊಂಡರೂ ಅದನ್ನೇ ಅಚ್ಚು ಹಾಕಿಸಿದ. ಬಾಟಲಿ ಮಾರಿಹೋಗುವಷ್ಟು ಹೋಗುತ್ತಿದೆಯಂತೆ.

ಗೆರಟೆ ಸೌಟನ್ನು ಮಿಲ್ಲಿನ ಮೊಳೆಯಿಂದ ತಂದು ತೊಳೆದು ಅಡುಗೆಮನೆಯಲ್ಲಿ ಇಟ್ಟಿದ್ದೇನೆ. ಅದು ಡಾಕ್ಟರ ಸಣ್ಣ ಚಮಚಕ್ಕಿಂತ ದೊಡ್ಡದು ಎಂದು ನವ್ಯಾ ಅಳೆದು ನೋಡಿದ್ದಾಳೆ. ಆಗಲಿ. ಅದರಲ್ಲಿ ತಳ ಮುಚ್ಚುವಷ್ಟು ತೆಗೆದುಕೊಳ್ಳುತ್ತೇನೆ, ಹೆಚ್ಚಿಲ್ಲ.

ಆದರೆ ಒಂದು ಮಾತು ಮಕ್ಕಳೇ, ಇದನ್ನು ಹೇಳಲಿಕ್ಕೇ ಇಷ್ಟು ಬರೆದದ್ದು. ಒಂದು ದಿನ ನಾನೂ ಅಜ್ಜನ ಹಾಗೆ ಕೂತಲ್ಲಿಂದ ತಟ್ಟೆ ಮುಂದೆ ಚಾಚುತ್ತೇನೆ. ಒಂದು ಸೌಟು ಹಾಕು ಎನ್ನುತ್ತೇನೆ, ಅಥವಾ ನಾಚಿಕೆಯಿಂದ ಏನೂ ಹೇಳದೆ ಬರೀ ಚಾಚುತ್ತೇನೆ. ಆವಾಗ ರಿಪೋರ್ಟು ಹುಡುಕಬೇಡಿ, ಫೋನಿನಲ್ಲಿ ಕೇಳಬೇಡಿ, ಹೆದರಬೇಡಿ. ಸೌಟು ತುಂಬ ತೆಗೆದು ಹುಯ್ಯಿರಿ. ಸಿಂಪಡಿಸಬೇಡಿ.